ಲ್ಯಾಪ್‌ಟಾಪಿನವರಿಗೂ ಒಂದೊಂದು ಲೋಟ

ನಾನು ಏನು ಕೆಲಸ ಮಾಡುತ್ತೇನೆ ಎಂದು ಊರಿನವರಿಗೆ ತಿಳಿಸಿ ಹೇಳುವ ಜವಾಬ್ದಾರಿಯನ್ನು ಬಹಳ ವರ್ಷ ನನ್ನ ಅಮ್ಮನೇ ಹೊತ್ತಿದ್ದಳು. ನಮ್ಮ ಕಡೆ ಅಮ್ಮನಿಗೆ ಆಯಿ ಎನ್ನುತ್ತೇವೆ. ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ ಆಯಿ ಸೆರಗು ಸರಿಮಾಡಿಕೊಂಡು ಒಂದೇ ಉಸಿರಿಗೆ ಹೇಳುತ್ತಿದ್ದಳು: "ಯನ್ನ ಮಗಳು ದಾನ ಮಾಡ್ತು. ಅದಕ್ಕೆ ಅವ್ವು ಪಗಾರ ಕೊಡ್ತ." ಕೇಳಿದವರ ಮುಖ ನೋಡಬೇಕಿತ್ತು. ದಾನ ಮಾಡಿದರೆ ಪುಣ್ಯ ಬರುವುದು ಅವರಿಗೆ ಗೊತ್ತು, ತಿಂಗಳ ಕೊನೆಗೆ ಪಗಾರವೂ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಕಾನಸೂರಿನ ಚಿಕ್ಕಮ್ಮ ಒಬ್ಬಳಂತೂ ನನ್ನನ್ನು ಮೂಲೆಗೆ ಕರೆದು, "ಅಂಥ ಕೆಲ್ಸ ಯಂಗೂ ಒಂದು ನೋಡೇ, ಆನು ದಿನಾ ಕಾಗೆಗೆ ಅನ್ನ ಹಾಕ್ತೆ" ಎಂದಿದ್ದಳು. ನಾನು ನಕ್ಕು ನಕ್ಕು ಪಾಯಸ ನೆತ್ತಿಗೆ ಹತ್ತಿಸಿಕೊಂಡೆ.

ನಗು ನನ್ನ ದೊಡ್ಡ ತೊಂದರೆ. ನಗಬಾರದ ಜಾಗದಲ್ಲೇ ಬರುತ್ತದೆ. ಒಮ್ಮೆ ಯಲ್ಲಾಪುರದ ಒಳಗಿನ ಒಂದು ಕೇರಿಯಲ್ಲಿ ನೀರಿನ ಟ್ಯಾಂಕಿನ ಉದ್ಘಾಟನೆ ಇತ್ತು. ಬಂದ ಗಣ್ಯರ ಕೈಲಿ ಕೊಟ್ಟ ಕತ್ತರಿ ರಿಬ್ಬನ್ನನ್ನು ಅಗಿಯಿತೇ ಹೊರತು ಕತ್ತರಿಸಲಿಲ್ಲ. ಕೊನೆಗೆ ಯಾರೋ ಸೊಂಟದ ಕತ್ತಿ ತೆಗೆದು ಕೊಟ್ಟರು. ಅವರು ಬೀಸಿದರು, ರಿಬ್ಬನ್ ಉಳಿಯಿತು, ಪಕ್ಕದ ಬಾಳೆಕಂಬ ಬಿತ್ತು. ಎಲ್ಲರೂ ಗಂಭೀರವಾಗಿ ಚಪ್ಪಾಳೆ ತಟ್ಟಿದರು. ನಾನು ಟ್ಯಾಂಕಿನ ಹಿಂದೆ ಹೋಗಿ ಕೂತು ಹೊಟ್ಟೆ ಹಿಡಿದುಕೊಂಡೆ. ಮುಂದೆ ದೊಡ್ಡ ದೊಡ್ಡ ಸಭೆಗಳಲ್ಲೂ ಇದೇ ಕಥೆ. ಅಲ್ಲಿ ಹಿಂದೆ ಹೋಗಿ ಕೂರಲು ಟ್ಯಾಂಕ್ ಇರುತ್ತಿರಲಿಲ್ಲ ಅಷ್ಟೆ.

ನನ್ನ ವೃತ್ತಿ ಶುರುವಾದದ್ದು ಆ ಯಲ್ಲಾಪುರದಲ್ಲೇ. ಸಣ್ಣದೊಂದು ಸಂಸ್ಥೆ, ಒಂದು ಹಳೇ ಜೀಪು, ಜೀಪು ಹೋಗದ ಕಡೆ ಕಾಲು. ಕಾಡಿನೊಳಗಿನ ಗೌಳಿಗರ ಕೇರಿಗಳಿಗೆ ಕಂಬಳಿ, ಔಷಧಿ, ನೀರಿನ ಪೈಪು ಒಯ್ಯುವುದು ಕೆಲಸ. ಅವರು ಎಮ್ಮೆ ಸಾಕುವ ಜನ. ಕಂಬಳಿ ಕೊಟ್ಟು ಎದ್ದರೆ ಬಿಡುತ್ತಿರಲಿಲ್ಲ, ಮನೆಮನೆಯಲ್ಲೂ ಮಜ್ಜಿಗೆ, ಮೊಸರು, ಎಲ್ಲಾದರೂ ತುಪ್ಪ. ಜನಸೇವೆ ಮಾಡಿ ಸೊರಗಿದವರ ಕಥೆ ನೀವು ಕೇಳಿರಬಹುದು. ನಾನು ದಪ್ಪಗಾದೆ. ಮೊದಲ ವರ್ಷ ಮುಗಿಯುವುದರೊಳಗೆ ಆಯಿ ನನ್ನ ರವಿಕೆಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿದಳು.

ಅಲ್ಲಿಂದ ಹುಬ್ಬಳ್ಳಿ, ದಿಲ್ಲಿ, ಕಠ್ಮಂಡು, ನೈರೋಬಿ. ಕಂಬಳಿ ಹೊರುತ್ತಿದ್ದವಳು ಕಂಬಳಿಯ ಯೋಜನೆ ಬರೆಯುವವಳಾದೆ, ಆಮೇಲೆ ಯೋಜನೆ ಬರೆಯುವವರನ್ನು ನೋಡಿಕೊಳ್ಳುವವಳಾದೆ. ಮೇಲೆ ಹೋದಷ್ಟೂ ಕಂಬಳಿ ಕಣ್ಣಿಗೆ ಬೀಳುವುದು ಕಡಿಮೆ, ಕಂಬಳಿಯ ಮಾತು ಜಾಸ್ತಿ. ಕಡೆಗೆ ಹಲವು ದೇಶಗಳಲ್ಲಿ ಹಣ ಹಂಚುವ ಒಂದು ದೊಡ್ಡ ಸಂಸ್ಥೆಯಲ್ಲಿ ಎರಡನೇ ಸಾಲಿನ ಕುರ್ಚಿಗೆ ಬಂದು ಕೂತೆ. ಆಗ ಮೊದಲ ಸಾಲಿನ ಕುರ್ಚಿ ಖಾಲಿಯಾಯಿತು. ಇಡೀ ಸಂಸ್ಥೆಯ ಮುಖ್ಯಸ್ಥರ ಹುದ್ದೆ.

ನನಗೆ ಅದು ಬೇಕಿತ್ತು. ಸೇವೆಯ ಕ್ಷೇತ್ರದಲ್ಲಿ ಇರುವವರಿಗೆ ಆಸೆ ಇರುವುದಿಲ್ಲ ಎಂಬ ಒಂದು ಸುಳ್ಳು ಚಾಲ್ತಿಯಲ್ಲಿದೆ. ಅಲ್ಲಿ ಎಲ್ಲರೂ "ಅವಕಾಶ ಸಿಕ್ಕರೆ ಸೇವೆ ಮಾಡುತ್ತೇನೆ" ಎಂದೇ ಹೇಳುವುದು. ನಾನೂ ಹಾಗೇ ಹೇಳಿದೆ. ಹೇಳಿ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ಮುಖ್ಯಸ್ಥೆಯ ಹಾಗೆ ನಡೆದು ನೋಡಿದೆ. ಚೆನ್ನಾಗಿಯೇ ನಡೆಯುತ್ತಿದ್ದೆ. ಒಂದೊಂದೇ ಸುತ್ತು ದಾಟಿ ಕೊನೆಯ ಸಂದರ್ಶನಕ್ಕೆ ಇಬ್ಬರೇ ಉಳಿದೆವು, ನಾನು ಮತ್ತು ನನಗೆ ಗುರುತಿಲ್ಲದ ಇನ್ನೊಬ್ಬರು.

ಆ ಹೊತ್ತಿಗೆ ಅಣ್ಣನ ಮಗನ ಉಪನಯನಕ್ಕೆಂದು ಊರಿಗೆ ಬಂದಿದ್ದೆ. ಸಂದರ್ಶನ ಲ್ಯಾಪ್‌ಟಾಪಿನ ಮೇಲೆ, ಮರುದಿನ ಮಧ್ಯಾಹ್ನ. ನಾನು ಶಿರಸಿಯ ಲಾಡ್ಜೊಂದರಲ್ಲಿ ಕೋಣೆ ಹೇಳಿಟ್ಟಿದ್ದೆ, ಸೀರೆ ಇಸ್ತ್ರಿ ಮಾಡಿಸಿದ್ದೆ, ಉತ್ತರಗಳನ್ನು ಬಾಯಿಪಾಠ ಮಾಡಿದ್ದೆ. ಅಷ್ಟರಲ್ಲಿ, ಮೊಬೈಲಿಗೆ ಸಿಗ್ನಲ್ಲಿನ ಒಂದು ಗೆರೆ ಬಂದು ಹೋದ ಹೊತ್ತಿನಲ್ಲಿ, ಸಂದೇಶ ಬಂತು: ಆಯ್ಕೆ ಸಮಿತಿಯ ಅಧ್ಯಕ್ಷರು ತುರ್ತಾಗಿ ಪ್ರಯಾಣ ಹೊರಡಬೇಕು, ಸಂದರ್ಶನ ಇವತ್ತೇ, ಇನ್ನೊಂದು ತಾಸಿನಲ್ಲಿ. ಮನೆಯಲ್ಲಿ ನೋಡಿದರೆ ಇಂಟರ್ನೆಟ್ ಇಲ್ಲ. ರಸ್ತೆ ಅಗಲ ಮಾಡುವ ಜೆಸಿಬಿ ಬೆಳಿಗ್ಗೆಯೇ ಕೇಬಲ್ಲನ್ನು ಗೆಣಸಿನ ಬಳ್ಳಿ ಕಿತ್ತ ಹಾಗೆ ಕಿತ್ತು ಹಾಕಿತ್ತು. ಮೊಬೈಲು ಹಿಡಿದು ಅಂಗಳದಲ್ಲಿ ಗಿರಗಿರ ತಿರುಗಿದೆ, ಆ ಗೆರೆ ಮತ್ತೆ ಏಳಲಿಲ್ಲ.

"ಆಲೆಮನೆ ಹತ್ರ ಸಿಗ್ನಲ್ ಬತ್ತು, ನಡಿ" ಎಂದಳು ಆಯಿ.

ಗದ್ದೆಯ ಆಚೆ, ಡಾಂಬರು ರಸ್ತೆಗೆ ತಾಗಿದ ದಿಬ್ಬದ ಮೇಲೆ, ನೆರೆಯ ರೈತರೊಬ್ಬರು ಕಬ್ಬು ಅರೆದು ಬೆಲ್ಲ ಮಾಡುವ ಆಲೆಮನೆ ಹೂಡಿದ್ದರು. ನಾನು ಸೀರೆ ಎತ್ತಿ ಕಟ್ಟಿ ಲ್ಯಾಪ್‌ಟಾಪು ಅಪ್ಪಿಕೊಂಡು ಓಡಿದೆ, ಆಯಿ ಕುಡಿಯುವ ನೀರಿನ ಚೊಂಬು ಹಿಡಿದು ಹಿಂದೆ. ಆಲೆಮನೆಯ ಯಜಮಾನರಿಗೆ ವಿಷಯ ಹೇಳಿದಾಗ ಅವರು ಕೂಡಲೇ ಗಾಣದ ಇಂಜಿನ್ ಬಂದ್ ಮಾಡಿದರು. ಬೆಲ್ಲದ ಖಾಲಿ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟು ಮೇಜು ಮಾಡಿಕೊಟ್ಟರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು, ಅದರ ಬೆಂಕಿ ಮಾತ್ರ ನಿಲ್ಲಿಸುವ ಹಾಗಿರಲಿಲ್ಲ. ಸಿಹಿ ಹೊಗೆಯ ನಡುವೆ ಕೂತು ಗುಂಡಿ ಒತ್ತಿದೆ. ಪರದೆಯ ಮೇಲೆ ಐದು ಮುಖ ಮೂಡಿದವು.

ನಡುವೆ ಅಧ್ಯಕ್ಷೆ, ಬೆಳ್ಳಿಕೂದಲಿನ ದೊಡ್ಡ ಹೆಂಗಸು. ಅವರ ಪಕ್ಕದ ಚೌಕದಲ್ಲಿ ನಿಯಮಗಳನ್ನು ನೋಡಿಕೊಳ್ಳುವ ಒಬ್ಬ ತೆಳ್ಳನೆಯ ಮನುಷ್ಯ, ಕೈಯಲ್ಲಿ ಪೆನ್ನು. ಉಳಿದ ಮೂವರು ಆಗಾಗ ತಲೆಯಾಡಿಸಲು ಇದ್ದರು. ಮೊದಲ ಪ್ರಶ್ನೆಗೆ ನನ್ನ ಬಾಯಿಪಾಠದ ಉತ್ತರ ಸೊಗಸಾಗಿ ಹರಿಯಿತು. ಅಷ್ಟರಲ್ಲಿ ಹಿಂದಿನಿಂದ ಯಜಮಾನರು ಬಗ್ಗಿ ನೋಡಿದರು.

"ಇವರೆಲ್ಲ ಯಾರು ತಂಗಿ?"

"ಮಗಳ ಆಫೀಸಿನ ಮೇಲಿನವ್ವು. ಪರದೇಶದಿಂದ ಮಾತಾಡ್ತಾ ಇದ್ದ" ಎಂದು ಆಯಿ ಪಿಸುಗುಟ್ಟಿದಳು.

"ಅಂದ್ರೆ ಬಂದು ಕೂತ ಹಾಗೇ ಆಯ್ತು" ಎಂದರು ಅವರು, ಮತ್ತು ಲೋಟ ತರಲು ಹೋದರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಆಲೆಮನೆಗೆ ಬಂದವರನ್ನು ಯಾರು, ಎಲ್ಲಿಂದ, ಏಕೆ ಬಂದಿರಿ ಎಂದು ಕೇಳುವ ಮೊದಲೇ ಕೈಗೆ ಕಬ್ಬಿನ ಹಾಲಿನ ಲೋಟ ಬರುತ್ತದೆ. ನೆಂಟರಾಗಲಿ, ದಾರಿಹೋಕರಾಗಲಿ, ಗಡಿ ಜಗಳದ ಕೇಸು ಹಾಕಿದವರೇ ಆಗಲಿ. ಕುಡಿಯದೆ ಹೋದವರ ಆಸೆಗಣ್ಣು ಕೊಪ್ಪರಿಗೆಗೆ ತಾಗಿ ಪಾಕ ಕೆಡುತ್ತದೆ ಎಂದು ಈ ಯಜಮಾನರ ಮನೆಯಲ್ಲಿ ಅಜ್ಜನ ಕಾಲದಿಂದ ನಂಬಿಕೆ. ಬರಲಾಗದ ಮುದುಕರು, ಬಾಣಂತಿಯರು ಇದ್ದರೆ ಅವರ ಪಾಲನ್ನು ಅವರ ಕಡೆಯಿಂದ ಬಂದವರು ಕುಡಿಯಬೇಕು. ಲೋಟಕ್ಕೆ ಹೊಯ್ದದ್ದನ್ನು ತಿರುಗಿ ಕೊಪ್ಪರಿಗೆಗೆ ಹೊಯ್ಯುವಂತಿಲ್ಲ.

ಯಜಮಾನರು ಲ್ಯಾಪ್‌ಟಾಪಿನ ಎದುರು ಸ್ಟೀಲಿನ ಐದು ಲೋಟಗಳನ್ನು ಸಾಲಾಗಿ ಇಟ್ಟರು. ಸಣ್ಣ ಲೋಟಗಳಲ್ಲ, ನಮ್ಮ ಕಡೆ ಮಜ್ಜಿಗೆಗೆ ಬಳಸುವ ಉದ್ದ ಲೋಟಗಳು. ಅಧ್ಯಕ್ಷೆಗೆ ನನ್ನ ಮುಖ ಕಾಣದಾಯಿತು.

"ಅದೇನು?" ಎಂದರು ಅವರು.

ವಿವರಿಸಿದೆ. ನೀವು ಬಂದಿದ್ದೀರಿ ಎಂದು ಇವರು ಲೆಕ್ಕ ಹಿಡಿದಿದ್ದಾರೆ, ಕೊಡದಿದ್ದರೆ ಬೆಲ್ಲ ಹದಕ್ಕೆ ಬರುವುದಿಲ್ಲ ಎಂದೆ. ಅಧ್ಯಕ್ಷೆಯ ತುಟಿ ಸ್ವಲ್ಪ ಅದುರಿತು. ತುಂಬಾ ಧನ್ಯವಾದ, ಕುಡಿದೆವು ಎಂದೇ ತಿಳಿಯಲಿ ಎಂದರು. ಅದನ್ನು ಯಜಮಾನರಿಗೆ ಹೇಳಿದೆ.

"ತಿಳ್ಕಂಡ್ರೆ ಹೊಟ್ಟೆಗೆ ಹೋಗ್ತದಾ? ಅವರ ಕಡೆಯಿಂದ ಬಂದವಳು ನೀನು. ನೀನೇ ಕುಡಿ" ಎಂದು ಮೊದಲ ಲೋಟ ನನ್ನ ಕೈಗೆ ಕೊಟ್ಟರು.

ಕುಡಿದೆ. ಶುಂಠಿ, ನಿಂಬೆ ಹಿಂಡಿದ ತಣ್ಣನೆಯ ಕಬ್ಬಿನ ಹಾಲು. ಅಧ್ಯಕ್ಷೆ ಮುಂದಿನ ಪ್ರಶ್ನೆ ಕೇಳಿದರು: ನೆರವು ಯಾರಿಗೆ ಸಲ್ಲಬೇಕು ಎಂದು ಹೇಗೆ ನಿರ್ಧರಿಸುತ್ತೀರಿ? ಉತ್ತರ ಗೊತ್ತಿತ್ತು. ಹೇಳುತ್ತ ಹೇಳುತ್ತ ಎರಡನೆಯದು ಬಂತು, ಅದು ತಲೆಯಾಡಿಸುವವರ ಪೈಕಿ ಒಬ್ಬರದು. ಅಷ್ಟರಲ್ಲಿ ಒಂದು ಜೇನುನೊಣ ಬಂದು ಕ್ಯಾಮೆರಾದ ಕಣ್ಣಿನ ಮೇಲೇ ಕೂತಿತು. ಅಲ್ಲಿ, ಸಮುದ್ರದಾಚೆಯ ಆಫೀಸಿನಲ್ಲಿ, ಪರದೆಯ ತುಂಬ ಜೇನುನೊಣದ ಹೊಟ್ಟೆ ಕಂಡಿರಬೇಕು. ತಲೆಯಾಡಿಸುವವರೊಬ್ಬರು ಕುರ್ಚಿಯ ಸಮೇತ ಹಿಂದಕ್ಕೆ ಜಿಗಿದರು. ನನ್ನ ಹೊಟ್ಟೆಯೊಳಗೆ ನಗು ಎದ್ದಿತು. ಕೆಳತುಟಿ ಕಚ್ಚಿ ಅದನ್ನು ಮೂರನೇ ಲೋಟದ ಜೊತೆ ನುಂಗಿದೆ.

ಕಬ್ಬಿನ ಹಾಲು ತಲೆಗೇರುವುದಿಲ್ಲ ಎನ್ನುವವರು ಮೂರು ಲೋಟ ಕುಡಿದು ಸಂದರ್ಶನ ಕೊಟ್ಟು ನೋಡಬೇಕು. ನನಗೆ ಎಲ್ಲವೂ ಚಂದ ಕಾಣತೊಡಗಿತು. ಬಾಯಿಪಾಠದ ಉತ್ತರಗಳು ಮರೆತುಹೋದವು. ಯಲ್ಲಾಪುರದ ಮಜ್ಜಿಗೆಯ ಕಥೆ ಹೇಳಿದೆ, ರವಿಕೆ ಬಿಚ್ಚಿ ಹೊಲಿದದ್ದು ಹೇಳಿದೆ, ಬಾಳೆಕಂಬ ಬಿದ್ದದ್ದು ಅಭಿನಯಿಸಿಯೇ ತೋರಿಸಿದೆ. ಅಷ್ಟು ಹೊತ್ತಿಗೆ ಸಿದ್ದಾಪುರದ ಕಡೆ ಹೋಗುವ ಬಸ್ಸು ರಸ್ತೆಯಲ್ಲಿ ನಿಂತಿತು. ಆಲೆಮನೆಯ ಹೊಗೆ ಕಂಡರೆ ತಾನಾಗಿ ಬ್ರೇಕ್ ಒತ್ತುವ ಡ್ರೈವರುಗಳು ನಮ್ಮಲ್ಲಿದ್ದಾರೆ. ಕಂಡಕ್ಟರು, ಡ್ರೈವರು, ಅರ್ಧ ಬಸ್ಸಿನ ಜನ ಇಳಿದು ಬಂದು ಲೋಟ ಹಿಡಿದು ನನ್ನ ಬೆನ್ನ ಹಿಂದೆ ನಿಂತರು. ಎಕ್ಕಂಬಿ ಕಡೆಯ ಅಜ್ಜಿಯೊಬ್ಬರು ಪರದೆಗೆ ಮುಖ ತಾಗುವಷ್ಟು ಬಗ್ಗಿ, "ಊಟ ಆತೇನ್ರಿ ನಿಮ್ದು?" ಎಂದು ಅಧ್ಯಕ್ಷೆಯನ್ನು ವಿಚಾರಿಸಿಕೊಂಡರು. ಅಧ್ಯಕ್ಷೆ ಕೈಮುಗಿದರು.

ಆಗ ತೆಳ್ಳನೆಯ ಮನುಷ್ಯ ಗಂಟಲು ಸರಿಪಡಿಸಿಕೊಂಡರು. "ಒಂದು ವಿಷಯ ಹೇಳಲೇಬೇಕು. ಆಯ್ಕೆ ನಡೆಯುತ್ತಿರುವಾಗ ಅಭ್ಯರ್ಥಿಯ ಕಡೆಯಿಂದ ಸಮಿತಿಗೆ ಏನನ್ನೂ ಕೊಡಬಾರದು. ಇದನ್ನು ನಾನು ಬರೆದುಕೊಳ್ಳಬೇಕಾಗುತ್ತದೆ. ಇದರಿಂದ ಅರ್ಜಿ ರದ್ದಾಗಲೂಬಹುದು."

ಅವರು ಹೇಳಿದ್ದು ನಿಜ. ಆ ನಿಯಮ ಬರೆದ ತಂಡದಲ್ಲಿ ನಾನೂ ಇದ್ದೆ. ಕೈಯಲ್ಲಿ ನಾಲ್ಕನೇ ಲೋಟ ಹಾಗೇ ನಿಂತಿತು. ನನ್ನ ಮುಖ ಬಿದ್ದದ್ದು ಕಂಡು ಯಜಮಾನರು ಎಂತಾಯಿತು ಎಂದು ಕೇಳಿದರು. ನಿಮ್ಮ ಲೋಟ ಲಂಚವಾಗುತ್ತದಂತೆ ಎಂದೆ.

ಅವರು ನನ್ನನ್ನು ನೋಡಿದರು, ಖಾಲಿ ಲೋಟಗಳನ್ನು ನೋಡಿದರು, ಆಮೇಲೆ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕುಕ್ಕರಿಸಿ ನಗತೊಡಗಿದರು. "ಲಂಚ ಕೊಟ್ಟವಳೇ ಕುಡಿದು ಮುಗಿಸಿದ್ಳಲ್ಲ ಮಾರಾಯ್ತಿ, ಅವರಿಗೆ ಎಂತ ಉಳೀತು?" ಕಂಡಕ್ಟರು ನಕ್ಕರು, ಬಸ್ಸಿನವರು ನಕ್ಕರು. ನಾನು ಅದನ್ನು ಇಂಗ್ಲಿಷಿಗೆ ತರಲು ಹೋದೆ, ಅರ್ಧಕ್ಕೆ ನನ್ನ ಕಟ್ಟೆ ಒಡೆಯಿತು. ವರ್ಷಗಳಿಂದ ಸಭೆಸಭೆಯಲ್ಲಿ ತಡೆದಿಟ್ಟ ನಗುವೆಲ್ಲ ಒಟ್ಟಿಗೆ ಬಂದ ಹಾಗೆ ಬಂತು. ಡಬ್ಬಿಯ ಮೇಜು ಅಲುಗಿ ಐದು ಮುಖಗಳೂ ಕುಣಿದವು. ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ತೆಳ್ಳನೆಯ ಮನುಷ್ಯ ಮಾತ್ರ ನಗಲಿಲ್ಲ, ಯೋಚಿಸಿದರು. "ಸಮಿತಿಗೆ ತಲುಪಿಲ್ಲ ಎಂಬುದು ಸರಿಯಾದ ವಾದ" ಎಂದು ನಿಧಾನಕ್ಕೆ ಹೇಳಿ, ಉಳಿದದ್ದನ್ನೂ ನಾನೇ ಕುಡಿಯುವುದು ಒಳ್ಳೆಯದು, ತಮಗೆ ಸಾಕ್ಷಿಯಾಗುತ್ತದೆ ಎಂದು ಸೇರಿಸಿದರು.

ನಾಲ್ಕನೆಯದೂ ಹೋಯಿತು, ಐದನೆಯದೂ ಹೋಯಿತು. ಕುಡಿದದ್ದಕ್ಕೆ ಹೊರಗೆ ಹೋಗುವ ದಾರಿ ಬೇಕಲ್ಲ. ಇನ್ನೊಂದು ಕ್ಷಣ ಕೂತಿದ್ದರೆ ನಾಯಕತ್ವದ ಮಾತೇ ಬರುತ್ತಿರಲಿಲ್ಲ. ಒಂದು ನಿಮಿಷ ಕ್ಷಮಿಸಿ ಎಂದು ಹೇಳಿ ಯಜಮಾನರ ಮನೆಯ ಹಿತ್ತಲಿನ ಕಡೆ ಸೀರೆ ಹಿಡಿದು ಓಡಿದೆ. ಹಾರನ್ ಕೇಳಿ ಬಸ್ಸಿನವರೂ ಹೊರಟರು.

ಹಗುರಾಗಿ ತಿರುಗಿ ಬಂದಾಗ ನನ್ನ ಜಾಗದಲ್ಲಿ ಆಯಿ ಕೂತಿದ್ದಳು. ಪರದೆಯತ್ತ ಸ್ವಲ್ಪ ಬಾಗಿ ಅಧ್ಯಕ್ಷೆಯೊಂದಿಗೆ ಮಾತಾಡುತ್ತಿದ್ದಳು. ನಮ್ಮ ಮನೆಮಾತಿನಲ್ಲೇ. ಐದೂ ಜನ ಅರ್ಥವಾದವರ ಹಾಗೆ ಕೇಳುತ್ತಿದ್ದರು. ನಾನು ಸಿಪ್ಪೆಯ ರಾಶಿಯ ಹಿಂದೆ ನಿಂತುಬಿಟ್ಟೆ.

"ನೋಡಿ, ಆನು ಯಾರ ಹತ್ರನೂ ಎಂತದೂ ಕೇಳಿದವಳಲ್ಲ. ಕೇಳಲೆ ಯಂಗೆ ಬತ್ತೂ ಇಲ್ಲೆ. ಆದ್ರೆ ಇವತ್ತು ಕೇಳ್ತೆ. ಯನ್ನ ಮಗಳಿಗೆ ಆ ಕೆಲ್ಸ ಕೊಡಿ. ಅದಕ್ಕೆ ರಾಶಿ ಆಸೆ ಇದ್ದು. ಹಲ್ಲು ಕಿರಿತಾ ಇರ್ತು ಹೇಳಿ ನಿಂಗ ತಪ್ಪು ತಿಳ್ಕಳದು ಬ್ಯಾಡ. ಸಣ್ಣಕ್ಕಿದ್ದಾಗಿಂದ ಅದು ಹಂಗೇಯ. ಆಸೆ ಜಾಸ್ತಿ ಆದಷ್ಟೂ ನಗು ಜಾಸ್ತಿ."

ಆಯಿ ಕೇಳಿದವಳಲ್ಲ ಎನ್ನುವುದು ಮಾತಿಗೆ ಹೇಳಿದ್ದಲ್ಲ. ಹೆಪ್ಪಿಗೆ ಮಜ್ಜಿಗೆ ಇಲ್ಲದಿದ್ದರೆ ಅವಳು ಪಕ್ಕದ ಮನೆಗೆ ಹೋಗುತ್ತಿರಲಿಲ್ಲ, ಆ ದಿನ ಮೊಸರೇ ಬೇಡ ಎನ್ನುತ್ತಿದ್ದಳು. ಅಂಗಡಿಯವನು ಹೇಳಿದ ರೇಟಿಗೆ ತಲೆಯಾಡಿಸಿ ಬರುವವಳು. ಬಸ್ಸಿನಲ್ಲಿ ಸೀಟು ಸರಿಸಿ ಎಂದು ಕೇಳದೆ ಶಿರಸಿಯವರೆಗೆ ನಿಂತುಕೊಂಡೇ ಹೋದವಳು. ನನ್ನ ವೃತ್ತಿಯೆಲ್ಲ ಕೇಳುವವರ ನಡುವೆಯೇ ಕಳೆದಿದೆ. ಅರ್ಜಿ ಹಾಕಿ ಕೇಳಿದವರು, ಸಾಲಿನಲ್ಲಿ ನಿಂತು ಕೇಳಿದವರು, ಕಣ್ಣಿನಲ್ಲೇ ಕೇಳಿದವರು. ಮೇಜಿನ ಈಚೆ ಕೂತು ಅವರನ್ನೆಲ್ಲ ನೋಡಿದ್ದೆ. ನನಗಾಗಿ ಯಾರಾದರೂ ಕೇಳಬಹುದು ಎಂದು ತಿಳಿದಿರಲಿಲ್ಲ. ಆಯಿಯ ಮೇಲೆ ಅಷ್ಟು ಪ್ರೀತಿ ಬಂತು, ಓಡಿ ಹೋಗಿ ಅವಳನ್ನು ಡಬ್ಬಿಗಳ ಸಮೇತ ಎತ್ತಿಬಿಡಬೇಕು ಎನ್ನಿಸಿತು.

ಬಂದು ಪಕ್ಕದಲ್ಲಿ ಕೂತೆ. "ನಿಮ್ಮ ತಾಯಿ ಏನು ಹೇಳಿದರು?" ಎಂದು ಅಧ್ಯಕ್ಷೆ ಕೇಳಿದರು.

ಅಭ್ಯರ್ಥಿಯ ಸಂಬಂಧಿಕರು ಶಿಫಾರಸು ಮಾಡಿದರೆ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಅದೂ ನಿಯಮದಲ್ಲೇ ಇತ್ತು, ಇಂಥದ್ದೆಲ್ಲ ನಮ್ಮ ತಂಡ ಬಹಳ ಶ್ರದ್ಧೆಯಿಂದ ಬರೆದಿತ್ತು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಆಯಿಯ ಮಾತನ್ನು ಊಟ ಆಯಿತಾ ಎಂದು ಕೇಳಿದಳು ಎನ್ನುವಷ್ಟು ಸಣ್ಣದು ಮಾಡಲಂತೂ ಆಗಲೇ ಇಲ್ಲ.

"ಇವರು ನಿಮ್ಮನ್ನು ಒಂದು ಮಾತು ಕೇಳಿದ್ದಾರೆ. ಅದನ್ನು ನಾನು ನಿಮಗೆ ಇಂಗ್ಲಿಷಿನಲ್ಲಿ ಹೇಳಿದರೆ ನಿಯಮ ಮುರಿಯುತ್ತದೆ" ಎಂದೆ. ಕಣ್ಣಿನಿಂದ ನೀರು ಬರುತ್ತಿತ್ತು, ಬಾಯಿಂದ ನಗು ಬರುತ್ತಿತ್ತು, ಯಾವುದನ್ನೂ ತಡೆಯಲಿಲ್ಲ.

ಎಲ್ಲರೂ ತೆಳ್ಳನೆಯ ಮನುಷ್ಯನ ಕಡೆ ನೋಡಿದರು. ಅವರು ಬಹಳ ಹೊತ್ತು ಆಯಿಯನ್ನೇ ನೋಡಿದರು. ಆಯಿಯೂ ಹೆದರದೆ ಅವರನ್ನೇ ನೋಡಿದಳು.

"ಇಂಗ್ಲಿಷಿನಲ್ಲಿ ಇಲ್ಲದ್ದನ್ನು ನಾನು ಬರೆದುಕೊಳ್ಳಲಾರೆ" ಎಂದರು ಅವರು, ಮತ್ತು ಪೆನ್ನಿನ ಟೋಪಿ ಹಾಕಿದರು.

ಪರದೆ ಕಪ್ಪಾಯಿತು. ಯಜಮಾನರು ಇಂಜಿನ್ ಶುರು ಮಾಡಿದರು. ಆ ದಿನದ ಪಾಕ ಚೆನ್ನಾಗಿ ಬಂತು ಎಂದು ಸಂಜೆ ಹೇಳಿಕಳಿಸಿದರು.

ಆಮೇಲಿನ ದಿನಗಳು ಹೇಗೆ ಹೋದವು ಎಂದರೆ, ಉಪನಯನದ ಮನೆಯಲ್ಲಿ ಬಡಿಸಲು ನಿಂತವಳು ಒಬ್ಬರ ಎಲೆಗೇ ಮೂರು ಸಲ ಉಪ್ಪು ಹಾಕಿದೆ. ಮೊಬೈಲು ಸದ್ದಾದರೆ ಹಾರಿ ಬೀಳುತ್ತಿದ್ದೆ. ಆಯಿ ಆ ವಿಷಯ ಎತ್ತಲಿಲ್ಲ. ತಾನು ಕೇಳಿದ್ದು ನನಗೆ ಕೇಳಿಸಿದೆ ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾನೂ ಎತ್ತಲಿಲ್ಲ.

ಉಪನಯನ ಮುಗಿದ ಮೇಲೆ ಒಂದು ಬೆಳಿಗ್ಗೆ ಅವಳಿಗೆ ಕನ್ನಡಕ ಮಾಡಿಸಲು ಶಿರಸಿಗೆ ಕರೆದುಕೊಂಡು ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿ. ಅಂಗಡಿಯ ಹುಡುಗ ಆಯಿಯ ಮೂಗಿನ ಮೇಲೆ ಕಬ್ಬಿಣದ ದೊಡ್ಡ ಚೌಕಟ್ಟು ಏರಿಸಿ ಒಂದೊಂದೇ ಗಾಜು ಹಾಕಿ ತೆಗೆದು ಮಾಡುತ್ತಿದ್ದ. ಆಯಿ ಗೋಡೆಯ ಅಕ್ಷರಗಳನ್ನು ಜೋರಾಗಿ ಓದುತ್ತಿದ್ದಳು. ಆಗ ಮೊಬೈಲು ಹೊಡೆದುಕೊಂಡಿತು. ಅಧ್ಯಕ್ಷೆ. ಕೆಲಸ ನನಗೆ, ಸಮಿತಿಯ ಒಮ್ಮತದಿಂದ, ತೆಳ್ಳನೆಯವರೂ ಸೇರಿ. ನಾನು ಅಂಗಡಿಯ ಹೊರಗೆ ಓಡಿ ಮೆಟ್ಟಿಲ ಮೇಲೆ ಕುಣಿದೆ. ದಾರಿಯಲ್ಲಿ ಹೋಗುತ್ತಿದ್ದವರು ಸರಿದು ಜಾಗ ಬಿಟ್ಟರು. ಒಳಗೆ ಬಂದು ಆಯಿಯ ಎರಡೂ ಕೈ ಹಿಡಿದು ಹೇಳಿದೆ.

ದಪ್ಪ ಗಾಜಿನ ಹಿಂದೆ ಅವಳ ಕಣ್ಣು ಎರಡು ಪಟ್ಟು ದೊಡ್ಡದಾಗಿ ಕಾಣುತ್ತಿತ್ತು.

"ಆನು ಕೇಳಿದ್ದಕ್ಕೇ ಕೊಟ್ವನೇ?" ಎಂದಳು, ಸಣ್ಣ ಸ್ವರದಲ್ಲಿ.

ನನ್ನ ಇಷ್ಟು ವರ್ಷಗಳ ದುಡಿಮೆ, ದೇಶದೇಶ ಸುತ್ತಿದ್ದು, ಎಲ್ಲ ಸುತ್ತು ದಾಟಿದ್ದು ಒಂದು ಕ್ಷಣ ಎದುರಿಗೆ ಬಂದು ನಿಂತವು. ಅವನ್ನೆಲ್ಲ ಪಕ್ಕಕ್ಕೆ ಸರಿಸಿದೆ.

"ಹೌದೇ ಆಯಿ. ನೀನು ಕೇಳಿದ್ದಕ್ಕೇ."

ಆಯಿ ತಲೆಯಾಡಿಸಿದಳು. ಆಮೇಲೆ ಆ ಕಬ್ಬಿಣದ ಚೌಕಟ್ಟಿನ ಸಮೇತ ಅಂಗಡಿಯ ಹುಡುಗನ ಕಡೆ ತಿರುಗಿ, ಜನ್ಮದಲ್ಲಿ ಎರಡನೇ ಸಲ, ಬಾಯಿ ತೆರೆದು ಕೇಳಿದಳು: "ರೇಟು ಎಂತಾದ್ರೂ ಕಮ್ಮಿ ಮಾಡ್ತ್ಯನ ತಮ್ಮಾ?"